ಓಟದ ವಾಚಿಗೆ ಟೇಪಿನ ಸಾಕ್ಷಿ

ಪೊಲೀಸ್, ಸೇನೆ ಅಂತ ಭರ್ತಿಗೆ ತಯಾರಾಗುವ ಮಕ್ಕಳು ಕೃಷಿಕರ ಮನೆಗಳಲ್ಲಿ ಕಡಿಮೆಯಿಲ್ಲ. ಅಲ್ಲಿ 1600 ಮೀಟರ್ ಓಟವೇ ದೊಡ್ಡ ಜರಡಿ. ಅಭ್ಯಾಸಕ್ಕೆಂದು ಈಗ ಸ್ಪೋರ್ಟ್ಸ್ ವಾಚು ಬಂದಿದೆ. ದುಡ್ಡು ಕೊಟ್ಟು ತಂದ ಮೇಲೆ ಅದು ಎಲ್ಲಿ ಸರಿ, ಎಲ್ಲಿ ಎಡವುತ್ತದೆ ಅಂತ ತಿಳಿದಿರುವುದು ಒಳ್ಳೆಯದು.

ಸಮಯದ ಮಟ್ಟಿಗೆ ವಾಚು ನಂಬಿಗಸ್ತ. ತಕರಾರು ದೂರದ್ದು. ಅದು ದೂರ ಲೆಕ್ಕ ಹಾಕುವುದು ಜಿಪಿಎಸ್ ಮೂಲಕ. ಉಪಗ್ರಹಗಳಿರುವುದು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ; ನೆಲಕ್ಕೆ ಮುಟ್ಟುವ ಸಂಕೇತ ಬಲು ಕ್ಷೀಣ. ಬಯಲಲ್ಲೇ ನಾಲ್ಕೈದು ಮೀಟರ್ ಆಚೀಚೆ ಆಗುವುದುಂಟು. ಅಡಿಕೆ ತೋಟದ ನೆರಳಲ್ಲಿ, ಗುಡ್ಡದ ಬುಡದಲ್ಲಿ ಇನ್ನೂ ಹೆಚ್ಚು. ನೇರ ಓಡಿದರೂ ವಾಚಿನ ಗೆರೆ ಅಂಕುಡೊಂಕಾಗಿ ಉದ್ದ ಬೆಳೆಯುತ್ತದೆ.

ನೂರಕ್ಕೆ ಐದರಷ್ಟು ಹೆಚ್ಚು ತೋರಿಸಿತು ಅಂತಿಟ್ಟುಕೊಳ್ಳಿ. ವಾಚಲ್ಲಿ 1600 ಆದಾಗ ಹುಡುಗ ಓಡಿದ್ದು ಬರೇ 1524 ಮೀಟರ್. 6 ನಿಮಿಷ 15 ಸೆಕೆಂಡ್ ಅಂತ ಖುಷಿಪಟ್ಟರೆ, ಪೂರ್ತಿ ದೂರಕ್ಕೆ ಅದೇ ವೇಗದಲ್ಲಿ 6 ನಿಮಿಷ 34 ಸೆಕೆಂಡ್ ಬೇಕು. ಈ 19 ಸೆಕೆಂಡಲ್ಲಿ ಕೆಲಸವೇ ಕೈತಪ್ಪಬಹುದು.

ಉಪಾಯ ಸುಲಭ. ಗುಂಡಿ ಗುರುತು ಹಾಕುವ 50 ಮೀಟರ್ ಟೇಪು ತನ್ನಿ. ಕೊಯ್ಲಾದ ಗದ್ದೆಯಲ್ಲಿ 60 ಮೀಟರ್ ಉದ್ದ, 40 ಮೀಟರ್ ಅಗಲಕ್ಕೆ ನಾಲ್ಕು ಗೂಟ ಹೊಡೆಯಿರಿ. ಜಾಗ ಸುಮಾರು 60 ಸೆಂಟ್ಸ್ ಸಾಕು. ಒಂದು ಸುತ್ತು 200 ಮೀಟರ್, ಎಂಟು ಸುತ್ತಿಗೆ 1600. ಗೂಟದ ಹೊರಗಿನಿಂದಲೇ ತಿರುಗಬೇಕು. ಪ್ರತಿ ಸುತ್ತಿಗೂ ವಾಚಿನ ಗುಂಡಿ ಒತ್ತಿದರೆ ಎಲ್ಲಿ ಸೋತೆವು ಅಂತ ಗೊತ್ತಾಗುತ್ತದೆ. ಮೊದಲ ಸುತ್ತಿಗೇ ಹಾರಿ ಕೊನೆಗೆ ಕುಸಿಯುವವರೇ ಜಾಸ್ತಿ.

ವಾಚು ನಾಡಿಬಡಿತ ಎಣಿಸುವುದು ಹಸಿರು ಬೆಳಕಿನಿಂದ. ಪಟ್ಟಿ ಸಡಿಲವಿದ್ದರೆ ಲೆಕ್ಕ ತಪ್ಪುತ್ತದೆ. ಮಣಿಕಟ್ಟಿನ ಎಲುಬಿಗಿಂತ ಒಂದು ಬೆರಳು ಮೇಲೆ ಬಿಗಿಯಾಗಿ ಕಟ್ಟಬೇಕು. ಬೆಳಗ್ಗೆ ಏಳುವ ಮೊದಲು ನಾಡಿ ನೋಡಿ ಬರೆದಿಡಿ. ನಾಲ್ಕಾರು ದಿನ ಮಾಮೂಲಿಗಿಂತ ಏರಿಯೇ ಇದ್ದರೆ ಮೈ ದಣಿದಿರಬಹುದು, ವಿಶ್ರಾಂತಿ ಕೊಡಿ. ಓಡುವಾಗ ಎದೆ ನೋವು, ತಲೆ ಸುತ್ತು ಬಂದರೆ ವಾಚು ನೋಡುತ್ತಾ ಕೂರದೆ ಡಾಕ್ಟರ ಬಳಿ ಹೋಗಿ.

ತೋಟದ ಕೆಲಸವನ್ನು ಹೆಜ್ಜೆ ಲೆಕ್ಕದಿಂದ ಅಳೆಯಬೇಡಿ. ವಾಚು ಹೆಜ್ಜೆ ಎಣಿಸುವುದು ಕೈ ಬೀಸಿದರೆ. ಗೊಬ್ಬರದ ಕೈಗಾಡಿ ತಳ್ಳುವಾಗ ಕೈ ಆಡದು, ಅರ್ಧ ಹೆಜ್ಜೆ ಮಾಯ! ಇಡೀ ದಿನ ಮಣ್ಣು ಹೊತ್ತವನಿಗೆ ಸಂಜೆಯೂ ಜೋರು ಓಟ ಬೇಡ.

ವಾಚಿಲ್ಲದ ಮನೆಯವರು ಬೇಸರಿಸಬೇಕಿಲ್ಲ. ಅಳೆದ ಸುತ್ತು, ಮೊಬೈಲಿನ ಸ್ಟಾಪ್‌ವಾಚು, ಒಂದು ನೋಟ್‌ಬುಕ್ಕು ಇದ್ದರೆ ಅಭ್ಯಾಸ ನಡೆಯುತ್ತದೆ.