ಮೆದುಳಿಲ್ಲದ ಹೈಡ್ರಾಗೆ ಊಟ ಬಂತು ಅಂತ ಗೊತ್ತಾಗೋದು ಹೇಗೆ?

ಇವತ್ತಿನ ಮಾತು ಹೈಡ್ರಾ ಅನ್ನೋ ಪುಟ್ಟ ಜಲಜೀವಿಯ ಬಗ್ಗೆ. ಸಿಹಿನೀರಿನ ಕೊಳಗಳಲ್ಲಿ ಎಲೆಗೋ ಕಡ್ಡಿಗೋ ಅಂಟಿಕೊಂಡು ಬದುಕುತ್ತೆ. ಉದ್ದ ಕೆಲವೇ ಮಿಲಿಮೀಟರ್. ಕಣ್ಣಿಲ್ಲ, ಮೂಗಿಲ್ಲ, ಮೆದುಳಂತೂ ಇಲ್ಲವೇ ಇಲ್ಲ. ಮೈತುಂಬಾ ಹರಡಿದ ನರಗಳ ಬಲೆ ಇದೆ, ಅಷ್ಟೇ. ಹಾಗಾದ್ರೆ ಮುಂದಿರೋದು ಊಟವೋ ಕಸವೋ ಅಂತ ಅದು ತೀರ್ಮಾನ ಮಾಡೋದು ಹೇಗೆ?

ಈ ತೀರ್ಮಾನ ಸಣ್ಣದೇನಲ್ಲ. ಯಾಕಂದ್ರೆ ಹೈಡ್ರಾ ಬಾಯಿ ಮುಚ್ಚಿದಾಗ ಅಲ್ಲಿ ತೂತೇ ಇರೋದಿಲ್ಲ. ಜೀವಕೋಶಗಳು ಒಂದಕ್ಕೊಂದು ಬೆಸೆದು ಸೀಲ್ ಆಗಿಬಿಟ್ಟಿರುತ್ತವೆ. ತಿನ್ನಬೇಕು ಅಂದಾಗಲೆಲ್ಲ ಆ ಬೆಸುಗೆ ಹರಿದು ಬಾಯಿ ತೆರೆಯಬೇಕು. ಸುಮ್ಮಸುಮ್ಮನೆ ತೆರೆಯುವ ಬಾಗಿಲು ಇದಲ್ಲ.

ಮೊದಲ ಹೆಜ್ಜೆ ಸ್ಪರ್ಶ. ಡಾಫ್ನಿಯಾದಂಥ ಪುಟ್ಟ ಜೀವಿಯೊಂದು ಈಜುತ್ತಾ ಬಂದು ಹೈಡ್ರಾದ ತೋಳಿಗೆ ತಾಗಿತು ಅನ್ನಿ. ತಕ್ಷಣ ಅಲ್ಲಿರುವ ಕುಟುಕು ಕೋಶಗಳು ಸಿಡಿಯುತ್ತವೆ. ಮುಳ್ಳು ಹೊರಚಿಮ್ಮೋದಕ್ಕೆ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗಕ್ಕಿಂತಲೂ ಕಡಿಮೆ ಸಮಯ ಸಾಕು! ವಿಷ ತಗುಲಿ ಬೇಟೆ ತಣ್ಣಗಾಗುತ್ತೆ. ಆದರೂ ಬಾಯಿ ಇನ್ನೂ ತೆರೆದಿಲ್ಲ, ಗಮನಿಸಿ.

ಎರಡನೇ ಹೆಜ್ಜೆ ರಸಾಯನ. ಮುಳ್ಳು ಚುಚ್ಚಿದ ಗಾಯದಿಂದ ಬೇಟೆಯ ಮೈರಸ ನೀರಿಗೆ ಸೋರುತ್ತೆ. ಅದರಲ್ಲಿ ಗ್ಲುಟಥಯೋನ್ ಅನ್ನೋ ಅಣು ಇರುತ್ತೆ. ಮೂರು ಅಮೈನೊ ಆಮ್ಲಗಳ ಪುಟ್ಟ ಸರಪಳಿ ಅದು. ಅದು ತಾಗಿದ್ದೇ ತಡ, ತೋಳುಗಳು ಬಾಯಿಯ ಕಡೆ ಬಾಗುತ್ತವೆ, ಬಾಯಿ ತೆರೆದುಕೊಳ್ಳುತ್ತೆ. 1955ರಲ್ಲಿ ಲೂಮಿಸ್ ಎಂಬ ವಿಜ್ಞಾನಿ ಇದನ್ನು ತೋರಿಸಿಕೊಟ್ಟರು. ಬೇಟೆಯೇ ಇಲ್ಲದೆ ಬರೀ ಗ್ಲುಟಥಯೋನ್ ಹಾಕಿದರೂ ಹೈಡ್ರಾ ಬಾಯಿ ತೆರೆಯುತ್ತೆ!

ಇದೇ ಅಣು ಯಾಕೆ? ಪ್ರಾಣಿಗಳ ಜೀವಕೋಶದ ಒಳಗೆ ಇದು ಧಾರಾಳವಾಗಿದೆ. ಹೊರಗೆ ನೀರಿಗೆ ಬಿದ್ದರೆ ಚದುರಿ ತೆಳುವಾಗುತ್ತೆ, ಆಮ್ಲಜನಕದ ಸಹವಾಸದಲ್ಲಿ ನಿಧಾನವಾಗಿ ಉತ್ಕರ್ಷಿತ ರೂಪಕ್ಕೆ ತಿರುಗುತ್ತೆ. ಆ ಬದಲಾದ ರೂಪ ಹೈಡ್ರಾದ ಬಾಯಿ ತೆರೆಸೋದಿಲ್ಲ. ಅಂದ್ರೆ ತಾಜಾ ಗ್ಲುಟಥಯೋನ್ ಸಿಕ್ಕಿತು ಅಂದರೆ ಅದರ ಅರ್ಥ ಒಂದೇ: ಇಲ್ಲೇ, ಈಗಲೇ, ಒಂದು ಜೀವಿಗೆ ಗಾಯವಾಗಿದೆ. ನಾವು ಲಾಗಿನ್‌ಗೆ ಪಾಸ್‌ವರ್ಡ್ ಜೊತೆ ಓಟಿಪಿ ಕೇಳ್ತೀವಲ್ಲ, ಹಾಗೆ. ಓಟಿಪಿ ಹಳೆಯದಾದರೆ ನಡೆಯೋದಿಲ್ಲ.

ಎಲ್ಲ ಜೀವಿಗಳಿಗೂ ಇದೇ ಗುಟ್ಟಿನ ಪದವಲ್ಲ. ಹೈಡ್ರಾದ ಸಂಬಂಧಿ ಕಾರ್ಡಿಲೋಫೊರಾಗೆ ಪ್ರೋಲಿನ್ ಬೇಕು. ಒಂದು ಬಗೆಯ ಸಮುದ್ರ ಹೂವಿನಲ್ಲಂತೂ ತೋಳು ಬಾಗಲು ಆಸ್ಪರಜಿನ್, ನುಂಗಲು ಗ್ಲುಟಥಯೋನ್, ಹೀಗೆ ಎರಡು ಬೇರೆ ಬೇರೆ ಸಂಕೇತಗಳಿವೆ. ಇನ್ನೊಂದು ಮಾತು: ಹೊಟ್ಟೆ ತುಂಬಿದ ಹೈಡ್ರಾ ಇದೇ ಸಂಕೇತಕ್ಕೆ ಅಷ್ಟಾಗಿ ಸ್ಪಂದಿಸೋದಿಲ್ಲ. ಮೆದುಳಿಲ್ಲದಿದ್ದರೂ ಸಾಕು ಅನ್ನೋದು ಗೊತ್ತು!

ಪುಣೆಯಲ್ಲಿರೋ ಗೆಳೆಯರಿಗೆ ಒಂದು ವಿಷಯ: ನಿಮ್ಮೂರಿನ ಆಘಾರಕರ್ ಸಂಶೋಧನಾ ಸಂಸ್ಥೆಯಲ್ಲಿ ಹೈಡ್ರಾ ಬಗ್ಗೆ ವರ್ಷಗಳಿಂದ ಕೆಲಸ ನಡೆದಿದೆ. ಪುಣೆಯ ಹೆಸರು ಹೊತ್ತ ಹೈಡ್ರಾ ತಳಿಯೂ ಇದೆ. ಮಕ್ಕಳಿಗೆ ಸೂಕ್ಷ್ಮದರ್ಶಕ ಕೊಡಿಸಿದ್ದರೆ ಕೊಳದ ಒಂದು ಎಲೆ ತಂದು ಅದರಡಿ ಇಟ್ಟು ನೋಡಿ.