ದಾನದಿಂದ ಹಕ್ಕಿನವರೆಗೆ: ಅಮೆರಿಕದ ದನಗಾಹಿಗಳ ಪರಿಹಾರದ ಕಥೆ

2013ರ ಅಕ್ಟೋಬರ್ ಮೊದಲ ವಾರ. ಅಮೆರಿಕದ ಸೌತ್ ಡಕೋಟ ರಾಜ್ಯದ ಪಶ್ಚಿಮ ಭಾಗದಲ್ಲಿ ದನಗಳಿನ್ನೂ ಬೇಸಿಗೆಯ ಹುಲ್ಲುಗಾವಲಲ್ಲೇ ಇದ್ದವು. ಚಳಿ ತಡೆಯುವ ದಟ್ಟ ಕೂದಲು ಮೈಮೇಲೆ ಇನ್ನೂ ಬಂದಿರಲಿಲ್ಲ. ಮೊದಲು ಮಳೆ ಸುರಿದು ಚರ್ಮದವರೆಗೂ ತೋಯಿಸಿತು. ಬೆನ್ನಿಗೇ ಹಿಮಬಿರುಗಾಳಿ ಎದ್ದಿತು. ಗಾಳಿಗೆ ಬೆನ್ನುಕೊಟ್ಟು ಮೈಲುಗಟ್ಟಲೆ ನಡೆದ ರಾಸುಗಳು ಹಳ್ಳಗಳಲ್ಲಿ, ತಂತಿಬೇಲಿಗಳ ಬುಡದಲ್ಲಿ ಬಿದ್ದು ಸತ್ತವು. ಹತ್ತಾರು ಸಾವಿರ ದನಗಳು.

ಪರಿಹಾರ ಕೇಳಲು ಹೋದರೆ ಕೃಷಿ ಇಲಾಖೆಯ ಕಚೇರಿಗೆ ಬೀಗ. ಬಜೆಟ್ ಜಗಳದಲ್ಲಿ ಫೆಡರಲ್ ಸರ್ಕಾರದ ಕೆಲಸವೇ ನಿಂತಿತ್ತು. ಬಾಗಿಲು ತೆರೆದಿದ್ದಿದ್ದರೂ ಕೊಡಲು ಹಣವಿರುತ್ತಿರಲಿಲ್ಲ. ಸತ್ತ ಜಾನುವಾರುಗಳಿಗೆ ಪರಿಹಾರ ನೀಡುವ ಯೋಜನೆಯ ಅವಧಿ 2011ರ ಸೆಪ್ಟೆಂಬರ್ 30ಕ್ಕೇ ಮುಗಿದಿತ್ತು.

ಆಪತ್ತಿನಲ್ಲಿ ರೈತನ ಕೈಹಿಡಿಯುವುದು ಖಜಾನೆಯ ಕೆಲಸವೇ ಎಂಬ ವಾದ ಆ ದೇಶದಲ್ಲಿ ಹಳೆಯದು. 1887ರಲ್ಲಿ ಬರದಿಂದ ಕಂಗೆಟ್ಟ ಟೆಕ್ಸಾಸ್ ರೈತರಿಗೆ ಬಿತ್ತನೆಬೀಜ ಕೊಡಿಸಲು ಸಂಸತ್ತು 10,000 ಡಾಲರ್ ಒಪ್ಪಿತು. ಅಧ್ಯಕ್ಷ ಗ್ರೋವರ್ ಕ್ಲೀವ್‌ಲೆಂಡ್ ಅಂಕಿತ ಹಾಕಲಿಲ್ಲ. ಇಂಥ ಕಷ್ಟಕ್ಕೆ ಜನರ ಔದಾರ್ಯವೇ ಆಗಿಬರಬೇಕು ಎಂದರು. ಅದೇ ಚಳಿಗಾಲದಲ್ಲಿ ಉತ್ತರದ ಬಯಲುಗಳಲ್ಲಿ ದನಗಳ ಮಂದೆ ಮಂದೆಯೇ ಹಿಮಕ್ಕೆ ಬಲಿಯಾದವು.

ಈ ನಿಲುವು ಬದಲಾಗಲು 1934ರ ಮಹಾಬರವೇ ಬರಬೇಕಾಯಿತು. ಅಧ್ಯಕ್ಷ ರೂಸ್‌ವೆಲ್ಟ್ ಸರ್ಕಾರ ಮೇವಿಲ್ಲದೆ ಬಡಕಲಾದ ದನಗಳನ್ನು ತಾನೇ ಕೊಂಡಿತು. ವಯಸ್ಸು ನೋಡಿ ಒಂದಕ್ಕೆ 20 ಡಾಲರ್‌ವರೆಗೂ ಬೆಲೆ ಕಟ್ಟಿ, 80 ಲಕ್ಷಕ್ಕೂ ಹೆಚ್ಚು ದನಗಳನ್ನು ಖರೀದಿಸಿತು. ತೀರಾ ಸೊರಗಿದವನ್ನು ಅಲ್ಲೇ ಗುಂಡಿಕ್ಕಿ ಕೊಂದರು. ಉಳಿದವುಗಳ ಮಾಂಸ ಹಸಿದ ಕುಟುಂಬಗಳಿಗೆ ಹೋಯಿತು. ಈ ಖರೀದಿಯ ಹಣವನ್ನು ಎರಡು ಭಾಗ ಮಾಡಿದ್ದರು. ಒಂದರ ಮೇಲೆ ದನ ಅಡವಿಟ್ಟುಕೊಂಡವರಿಗೆ ಹಕ್ಕಿತ್ತು, ಇನ್ನೊಂದನ್ನು ಅವರು ಮುಟ್ಟುವಂತಿರಲಿಲ್ಲ. ಸಾಲ ತೀರಿದರೂ ಮನೆಯ ಒಲೆ ಉರಿಯಬೇಕಲ್ಲ ಎಂಬ ತಿಳಿವಳಿಕೆ ಆ ಏರ್ಪಾಟಿನಲ್ಲಿತ್ತು.

ಆಮೇಲೂ ನೆರವು ಬಹುಮಟ್ಟಿಗೆ ಆಯಾ ಆಪತ್ತಿಗೆ, ಆಯಾ ಹೊತ್ತಿನ ರಾಜಕೀಯಕ್ಕೆ ತಕ್ಕಂತೆ ಬರುತ್ತಿತ್ತು. 2008ರ ಕೃಷಿ ಕಾಯ್ದೆ ಅದಕ್ಕೊಂದು ನಿಯಮ ಕೊಟ್ಟಿತಾದರೂ ಗಡುವನ್ನೂ ಹಾಕಿತು. ಆ ಗಡುವಿನ ಆಚೆಗೆ ಸಿಕ್ಕಿಬಿದ್ದವರೇ ಸೌತ್ ಡಕೋಟದವರು. ಸತ್ತ ದನಗಳ ಫೋಟೊ ತೆಗೆದಿಡಿ, ಲೆಕ್ಕಕ್ಕೆ ಪಶುವೈದ್ಯರಿಂದಲೋ ನೆರೆಯವರಿಂದಲೋ ಸಾಕ್ಷಿ ಬರೆಸಿಡಿ ಎಂಬ ಸಲಹೆಯಷ್ಟೇ ಅವರಿಗೆ ಸಿಕ್ಕಿದ್ದು.

2014ರ ಫೆಬ್ರವರಿ 7ರಂದು ಅಧ್ಯಕ್ಷ ಒಬಾಮ ಅಂಕಿತ ಹಾಕಿದ ಹೊಸ ಕೃಷಿ ಕಾಯ್ದೆ ಸತ್ತ ಜಾನುವಾರುಗಳ ಪರಿಹಾರ ಯೋಜನೆಯನ್ನು ಕಾಯಂ ಮಾಡಿತು. 2011ರ ಅಕ್ಟೋಬರ್‌ನಿಂದ ಆದ ನಷ್ಟಕ್ಕೂ ಅನ್ವಯಿಸಿ, ಮಾರುಕಟ್ಟೆ ಬೆಲೆಯ ಶೇ 75ರಷ್ಟು ಪರಿಹಾರ ನಿಗದಿ ಮಾಡಿತು. ಮೇವಿನ ನಷ್ಟಕ್ಕೂ ಅಳತೆಗೋಲು ಬಂತು: ಪ್ರತಿ ಗುರುವಾರ ಪ್ರಕಟವಾಗುವ ಬರ ನಕ್ಷೆಯಲ್ಲಿ ಒಂದು ಕೌಂಟಿ ಸತತ ಎಂಟು ವಾರ ತೀವ್ರ ಬರದ ಬಣ್ಣದಲ್ಲಿದ್ದರೆ ಅಲ್ಲಿನ ದನಗಾಹಿಗಳು ಆ ಕಾಯ್ದೆಯಂತೆ ನೆರವಿಗೆ ಅರ್ಹರಾಗುತ್ತಿದ್ದರು. ಯಾವ ನಾಯಕರ ಬಾಗಿಲನ್ನೂ ಕಾಯಬೇಕಿರಲಿಲ್ಲ.

ಹಿಮಬಿರುಗಾಳಿಯ ನಂತರ ಬೇರೆ ರಾಜ್ಯಗಳ ದನಗಾಹಿಗಳು ಸೌತ್ ಡಕೋಟದವರಿಗೆ ತಮ್ಮ ಕಡಸುಗಳನ್ನೇ ಕೊಟ್ಟು ನೆರವಾದರು. ಕ್ಲೀವ್‌ಲೆಂಡ್ ನಂಬಿದ್ದ ಔದಾರ್ಯ ಸುಳ್ಳಲ್ಲ, ಆದರೆ ಅಷ್ಟು ದೊಡ್ಡ ನಷ್ಟವನ್ನು ಅದೊಂದೇ ತುಂಬಲಾರದು. ಬರವಾಗಲಿ ಹಿಮವಾಗಲಿ ಮತ್ತೆ ಬಂದೇ ಬರುತ್ತದೆ. ಯಾರಿಗೆ, ಎಷ್ಟು, ಯಾವ ದಾಖಲೆಯ ಮೇಲೆ ಕೊಡಬೇಕೆಂಬುದನ್ನು ಅದಕ್ಕೂ ಮೊದಲೇ ಬರೆದಿಡುವುದು ಸರ್ಕಾರದ ಹೊಣೆ.