ಒಂದು ಬಳ್ಳಿ, ಎರಡು ಪೇಟೆ

ಫೆಬ್ರವರಿ, ಮಾರ್ಚ್ ಬಂತೆಂದರೆ ಜತ್ತ ತಾಲ್ಲೂಕಿನ ಬೆಳುಂಕಿಯಂಥ ಊರುಗಳಲ್ಲಿ ದ್ರಾಕ್ಷಿ ತೋಟದ ಬದುವಿಗೆ ವ್ಯಾಪಾರಿ ಬಂದು ನಿಲ್ಲುತ್ತಾನೆ. ಇದು ಕೆಡುವ ಮಾಲು, ತಡವಾದರೆ ರೈತನಿಗೇ ನಷ್ಟ ಎಂಬುದು ಅವನಿಗೂ ಗೊತ್ತು. ದರ ಇಳಿಯುವುದು ಅಲ್ಲಿಯೇ. ಆಗ ನಿಮ್ಮ ಕೈ ಹಿಡಿಯುವುದು ತಳಿಯ ಗುಣ.

ಇಂಗ್ಲೆಂಡಿನಲ್ಲಿ ಬ್ಲೆನಿಮ್ ಆರೆಂಜ್ ಎಂಬ ಸೇಬು ಇದೆ. ಹಾಗೇ ತಿನ್ನಲಿಕ್ಕೂ ಬರುತ್ತದೆ, ಅಡಿಗೆಗೂ ಬರುತ್ತದೆ. ನಮ್ಮಲ್ಲಿ ಆ ಸ್ಥಾನ ಥಾಮ್ಸನ್ ಸೀಡ್‌ಲೆಸ್ ದ್ರಾಕ್ಷಿಯದು. ನಮ್ಮದೇ ಜಿಲ್ಲೆಯ ತಾಸಗಾಂವದ ಕಡೆ ಆರಿಸಿದ ತಾಸ್-ಎ-ಗಣೇಶ, ಸೋಲಾಪುರ ಜಿಲ್ಲೆಯ ನಾನ್ನಜದಲ್ಲಿ ಆರಿಸಿದ ಸೋನಾಕಾ, ಎರಡೂ ಅದರ ಮಕ್ಕಳೇ. ಹಸಿಯಾಗಿ ಮಾರಬಹುದು, ಒಣಗಿಸಿ ಬೇದಾಣೆಯನ್ನೂ ಮಾಡಬಹುದು. ಬೀಜವಿಲ್ಲ, ಸಿಪ್ಪೆ ತೆಳು, ಸಕ್ಕರೆ ಹೆಚ್ಚು.

ಬೇದಾಣೆಗೆ ಬಿಟ್ಟ ಹಣ್ಣನ್ನು ಅವಸರದಿಂದ ಕೊಯ್ಯಬಾರದು. ಸಕ್ಕರೆ ಅಂಶ 22 ಡಿಗ್ರಿ ಬ್ರಿಕ್ಸ್ ಮುಟ್ಟಲಿ. ಹಣ್ಣಿನ ಮೈಮೇಲೆ ಮೇಣದ ತೆಳು ಪದರು ಇರುತ್ತದೆ. ಅದು ಒಳಗಿನ ನೀರನ್ನು ಬೇಗ ಹೊರಬಿಡುವುದಿಲ್ಲ. ಅದಕ್ಕಾಗಿ ಒಂದು ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿ.ಲೀ. ಈಥೈಲ್ ಓಲಿಯೇಟ್ ಬೆರೆಸಿ ಗೊಂಚಲುಗಳನ್ನು 2ರಿಂದ 4 ನಿಮಿಷ ಅದ್ದುತ್ತಾರೆ. ನಂತರ ಶೆಡ್ಡಿನ ನೆರಳಿನಲ್ಲಿ, ಜಾಳಿಗೆಯ ಅಂತಸ್ತುಗಳ ಮೇಲೆ ಹರಡುತ್ತಾರೆ. ಗಾಳಿ ಚೆನ್ನಾಗಿ ಆಡಿದರೆ ಸುಮಾರು 15 ದಿನಕ್ಕೆ ಒಣಗುತ್ತದೆ. ನೇರ ಬಿಸಿಲು ಬಿದ್ದರೆ ಹಸಿರು ಬಣ್ಣ ಹೋಗಿ ಕಂದಾಗುತ್ತದೆ, ದರವೂ ಕುಗ್ಗುತ್ತದೆ.

ಈಗ ಲೆಕ್ಕ ನೋಡಿ. ಸುಮಾರು 4 ಕಿಲೋ ಹಸಿ ಹಣ್ಣಿಗೆ 1 ಕಿಲೋ ಬೇದಾಣೆ. ವ್ಯಾಪಾರಿ ಹಸಿ ಹಣ್ಣನ್ನು ಕಿಲೋಗೆ 30 ರೂಪಾಯಿಗೆ ಕೇಳಿದನೆನ್ನಿ. ಬೇದಾಣೆ 120 ರೂಪಾಯಿ ತಂದರೂ ನೀವು ಇದ್ದಲ್ಲಿಯೇ ಇದ್ದೀರಿ. ಔಷಧ, ಕೂಲಿ, ಶೆಡ್ಡಿನ ಬಾಡಿಗೆ ಅದರ ಮೇಲೆ ಹುಟ್ಟಬೇಕು. ಸಕ್ಕರೆ ಏರಲೆಂದು ಕಾಯುವಾಗ ಅಕಾಲ ಮಳೆ ಬಂದರೆ ಹಣ್ಣು ಬಿರಿಯುತ್ತದೆ. ಶೆಡ್ಡಿನ ಮಾಲಿಗೂ ಬೂಸು ಹಿಡಿಯುತ್ತದೆ. ಆದ್ದರಿಂದ ತೋಟವನ್ನೆಲ್ಲ ಒಂದೇ ಪೇಟೆಗೆ ಕಟ್ಟಬೇಡಿ. ಒಂದು ಭಾಗ ಹಸಿಗೆ, ಒಂದು ಭಾಗ ಬೇದಾಣೆಗೆ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ.

ಸಾಂಗಲಿಯ ಬೇದಾಣೆಗೆ 2016ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಶೀತಲಗೃಹದಲ್ಲಿಟ್ಟರೆ ಅದು ತಿಂಗಳುಗಟ್ಟಲೆ ಕಾಯುತ್ತದೆ, ಶಿರಾಕ್ಕೂ ಪಾಯಸಕ್ಕೂ ವರ್ಷವಿಡೀ ಬೇಕು. ಹಸಿ ಹಣ್ಣು ಕಾಯುವುದಿಲ್ಲ. ನಿಮಗೆ ಇನ್ನೊಂದು ದಾರಿ ಇದೆ ಎಂಬುದು ಬದುವಿನಲ್ಲಿ ನಿಂತ ವ್ಯಾಪಾರಿಗೂ ತಿಳಿದಿರಲಿ.